60 ಬರಬೇಕಾದಲ್ಲಿ 30: ಹೊಸ 4ಕೆ ಮಾನಿಟರ್ ಪೂರ್ಣ ವೇಗದಲ್ಲಿ ಓಡದಿರುವುದೇಕೆ?

ಬೆಂಗಳೂರು, ಹೈದರಾಬಾದುಗಳಿಂದ ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಉದ್ಯೋಗಿಗಳು, ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ವಿನ್ಯಾಸ ಮಾಡುವ ಡಿಟಿಪಿ ಅಂಗಡಿಯವರು, ವಿಡಿಯೊ ಎಡಿಟಿಂಗ್ ಕಲಿಯುತ್ತಿರುವ ಹುಡುಗರು, ಹೀಗೆ ಕಲಬುರಗಿ ಭಾಗದಲ್ಲಿಯೂ ಅನೇಕರು ಈಗ ಲ್ಯಾಪ್‌ಟಾಪಿನ ಪಕ್ಕದಲ್ಲಿ ದೊಡ್ಡ ಮಾನಿಟರ್ ಇಟ್ಟುಕೊಳ್ಳುತ್ತಿದ್ದಾರೆ. ಪೆಟ್ಟಿಗೆಯ ಮೇಲೆ 4ಕೆ ಎಂದೂ, 60 ಹರ್ಟ್ಜ್ ಅಥವಾ 144 ಹರ್ಟ್ಜ್ ಎಂದೂ ದಪ್ಪಕ್ಷರಗಳಲ್ಲಿ ಬರೆದಿರುತ್ತದೆ. ಮನೆಗೆ ತಂದು ಜೋಡಿಸಿದಾಗ ಚಿತ್ರವೇನೋ ಮೂಡುತ್ತದೆ, ಅಕ್ಷರಗಳೂ ಕೆತ್ತಿದಂತೆ ಕಾಣುತ್ತವೆ. ಆದರೆ ಮೌಸ್ ಆಡಿಸಿದರೆ ಬಾಣದ ಗುರುತು ತಡೆದು ತಡೆದು ಜಿಗಿಯುತ್ತದೆ, ಪುಟವನ್ನು ಮೇಲೆ ಕೆಳಗೆ ಸರಿಸಿದರೆ ಸಾಲುಗಳು ಕುಂಟುತ್ತವೆ.

ನಾನು ಕೊಂಡ 27 ಇಂಚಿನ ಮಾನಿಟರಿನಲ್ಲಿಯೂ ಇದೇ ಆಯಿತು. ಮಾನಿಟರ್ ಕೆಟ್ಟಿದೆಯೆಂದು ತಿಳಿದು ಅಂಗಡಿಗೆ ಹೋದರೆ, ಅಲ್ಲಿನವರು ಅದನ್ನು ತಮ್ಮ ಕಂಪ್ಯೂಟರಿಗೆ ಹಚ್ಚಿ ಸರಾಗವಾಗಿ ಓಡಿಸಿ ತೋರಿಸಿದರು. ಹಾಗಾದರೆ ಕೇಬಲ್ಲಿನ ದೋಷವೇ ಎಂದು ಕೇಳಿದ್ದಕ್ಕೆ "ಎಲ್ಲಾ ಕೇಬಲ್ ಒಂದೇ ಇರ್ತಾವ್ರೀ ಸರ್" ಎಂಬ ಉತ್ತರ ಬಂತು. ಆ ಮಾತು ಏಕೆ ಸರಿಯಲ್ಲ, ಮತ್ತು ನನ್ನ ಪ್ರಕರಣದಲ್ಲಿ ಕೇಬಲ್ ಬದಲಿಸಿದರೂ ಏಕೆ ಪ್ರಯೋಜನವಾಗುತ್ತಿರಲಿಲ್ಲ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಲೆಕ್ಕದಲ್ಲಿ ಅಡಗಿದೆ. ಆ ಲೆಕ್ಕವನ್ನು ಬುಡದಿಂದ ನೋಡೋಣ.

ಪಿಕ್ಸೆಲ್ ಎಂದರೇನು, ಹರ್ಟ್ಜ್ ಎಂದರೇನು

ಪರದೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳಿರುತ್ತವೆ. 4ಕೆ ಪರದೆಯಲ್ಲಿ ಎರಡೂ ದಿಕ್ಕಿನಲ್ಲಿ ಇಮ್ಮಡಿ, ಅಂದರೆ 3,840 ಮತ್ತು 2,160. ಒಟ್ಟು 82,94,400. ಎರಡೂ ದಿಕ್ಕಿನಲ್ಲಿ ಇಮ್ಮಡಿಯಾದುದರಿಂದ ಒಟ್ಟು ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಈ ನಾಲ್ಕು ಪಟ್ಟನ್ನು ನೆನಪಿನಲ್ಲಿಡಬೇಕು, ಮುಂದಿನ ಎಲ್ಲ ತೊಡಕುಗಳ ಮೂಲ ಇದೇ.

ಕನ್ನಡ ಓದುವವರಿಗೆ ಈ ಹೆಚ್ಚಿನ ಚುಕ್ಕೆಗಳಿಂದಾಗುವ ಲಾಭ ಇಂಗ್ಲಿಷ್ ಓದುವವರಿಗಿಂತ ತುಸು ಹೆಚ್ಚೇ ಎನ್ನಬಹುದು. 27 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 82 ಚುಕ್ಕೆಗಳಿದ್ದರೆ, ಅದೇ ಅಳತೆಯ 4ಕೆ ಪರದೆಯಲ್ಲಿ 163 ಇರುತ್ತವೆ. "ರಾಷ್ಟ್ರ", "ಸ್ತ್ರೀ", "ಲಕ್ಷ್ಮಿ" ಮುಂತಾದ ಪದಗಳಲ್ಲಿ ಒತ್ತಿನ ಕೆಳಗೊಂದು ಒತ್ತು ಬಂದಾಗ, ಸಣ್ಣ ಅಕ್ಷರದ ಗಾತ್ರದಲ್ಲಿ ಅವು ಕಲೆಯಾಗದೆ ಬಿಡಿಬಿಡಿಯಾಗಿ ಕಾಣಬೇಕಾದರೆ ಚುಕ್ಕೆಗಳು ಒತ್ತೊತ್ತಾಗಿರಲೇಬೇಕು. ದಿನವಿಡೀ ಕರಡು ತಿದ್ದುವವರಿಗೆ ಇದು ಶೋಕಿಯ ಮಾತಲ್ಲ, ಕಣ್ಣಿನ ಮಾತು.

ಇನ್ನು ಹರ್ಟ್ಜ್. ಪರದೆಯ ಮೇಲೆ ಚಿತ್ರವು ಚಲಿಸುವಂತೆ ಕಾಣುವುದು ನಿಂತ ಚಿತ್ರಗಳನ್ನು ಒಂದರ ಹಿಂದೊಂದು ಬೇಗ ಬೇಗ ತೋರಿಸುವುದರಿಂದ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬುದೇ ರಿಫ್ರೆಶ್ ದರ, ಅದರ ಮಾನ ಹರ್ಟ್ಜ್. 60 ಹರ್ಟ್ಜ್‌ನಲ್ಲಿ ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬರುತ್ತದೆ. 30 ಹರ್ಟ್ಜ್‌ನಲ್ಲಿ 33 ಮಿಲಿಸೆಕೆಂಡಿಗೊಮ್ಮೆ. 144 ಹರ್ಟ್ಜ್‌ನಲ್ಲಿ 7 ಮಿಲಿಸೆಕೆಂಡಿಗೂ ಮುಂಚೆ. ಸಿನಿಮಾವನ್ನು ಸೆಕೆಂಡಿಗೆ 24 ಚಿತ್ರಗಳಲ್ಲಿಯೇ ನೆಮ್ಮದಿಯಾಗಿ ನೋಡುತ್ತೇವಲ್ಲ, 30 ಏಕೆ ಸಾಲದು ಎಂದು ಕೇಳಬಹುದು. ಸಿನಿಮಾದಲ್ಲಿ ಚಿತ್ರವನ್ನು ನಾವು ಆಡಿಸುವುದಿಲ್ಲ. ಮೌಸ್ ಹಿಡಿದಿರುವುದು ನಮ್ಮದೇ ಕೈ. ಕೈ ಸರಿದ ಕ್ಷಣಕ್ಕೂ ಪರದೆಯ ಮೇಲಿನ ಬಾಣ ಸರಿದ ಕ್ಷಣಕ್ಕೂ ನಡುವೆ ಅಂತರ ಬಿದ್ದರೆ ಮನಸ್ಸು ತಕ್ಷಣ ಹಿಡಿಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಮುಂದೆ ಹೋಗಬೇಕು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಜ್‌ನದು, ಆದ್ದರಿಂದಲೇ ಮಾನಿಟರ್ 60ಕ್ಕೆ ಏರುವುದಿಲ್ಲ ಎಂದೂ, ವೋಲ್ಟೇಜ್ ಕಡಿಮೆಯಾದ್ದರಿಂದ ಹೀಗಾಗುತ್ತದೆ ಎಂದೂ ಹೇಳುವವರಿದ್ದಾರೆ. ವೋಲ್ಟೇಜಿನ ಮೇಲೆ ನಮ್ಮ ಭಾಗದ ಜನರಿಗಿರುವ ಸಿಟ್ಟು ಸಹಜವೇ ಆದರೂ, ಈ ಒಂದು ತಪ್ಪು ಅದರದಲ್ಲ. ಮಾನಿಟರಿನ ಅಡಾಪ್ಟರು ಬಂದ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿ ಮಾರ್ಪಡಿಸಿಬಿಡುತ್ತದೆ. ಚಿತ್ರದ ಲಯಕ್ಕೂ ಗೋಡೆಯ ಪ್ಲಗ್ಗಿಗೂ ಸಂಬಂಧವಿಲ್ಲ.

ಸೆಕೆಂಡಿಗೆ 1,194 ಕೋಟಿ

ಪ್ರತಿ ಚುಕ್ಕೆಯ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಭಾಗಗಳಲ್ಲಿ ಹೇಳಬೇಕು. ಕಂಪ್ಯೂಟರಿನ ಮಾಹಿತಿಯ ಅತಿ ಸಣ್ಣ ತುಣುಕು, ಅಂದರೆ ಒಂದು ಸೊನ್ನೆ ಅಥವಾ ಒಂದು, ಬಿಟ್ ಎನಿಸುತ್ತದೆ. ಒಂದೊಂದು ಬಣ್ಣಕ್ಕೆ 8 ಬಿಟ್‌ನಂತೆ ಒಂದು ಚುಕ್ಕೆಗೆ 24 ಬಿಟ್. 82,94,400 ಚುಕ್ಕೆಗಳನ್ನು 24ರಿಂದ ಗುಣಿಸಿ, ಅದನ್ನು ಮತ್ತೆ 60ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 1,194 ಕೋಟಿ ಬಿಟ್‌ಗಳಾಗುತ್ತವೆ. 100 ಕೋಟಿ ಬಿಟ್‌ಗಳಿಗೆ ಒಂದು ಗಿಗಾಬಿಟ್ ಎನ್ನುವುದರಿಂದ ಇದು 11.94 ಗಿಗಾಬಿಟ್. ಫುಲ್ ಎಚ್‌ಡಿಗೆ ಇದೇ ಲೆಕ್ಕ ಹಾಕಿದರೆ 3 ಗಿಗಾಬಿಟ್‌ಗಿಂತ ತುಸು ಕಡಿಮೆ. 4ಕೆ ಪರದೆಗೆ 144 ಹರ್ಟ್ಜ್ ಬೇಕೆಂದರೆ 28.67 ಗಿಗಾಬಿಟ್.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಹಳೆಯ ಕಾಲದ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಎಲೆಕ್ಟ್ರಾನ್ ಕಿರಣವು ಒಂದು ಸಾಲನ್ನು ಬರೆದು ಮುಗಿಸಿ ಮುಂದಿನ ಸಾಲಿನ ಮೊದಲಿಗೆ ಮರಳಲು ಸ್ವಲ್ಪ ಸಮಯ ಬೇಕಾಗುತ್ತಿತ್ತು. ಹೊಲ ಉಳುವಾಗ ಸಾಲಿನ ತುದಿಯಲ್ಲಿ ಎತ್ತುಗಳನ್ನು ತಿರುಗಿಸಿಕೊಳ್ಳುವ ಹೊತ್ತಿನಲ್ಲಿ ನೆಲ ಉತ್ತಂತಾಗುವುದಿಲ್ಲ, ಆದರೆ ಆ ಹೊತ್ತನ್ನು ಬಿಟ್ಟು ಉಳುವುದಕ್ಕೂ ಆಗುವುದಿಲ್ಲ, ಇದೂ ಹಾಗೆಯೇ. ಇಂದಿನ ಪರದೆಗಳಲ್ಲಿ ಕಿರಣವಿಲ್ಲದಿದ್ದರೂ ಆ ಖಾಲಿ ಹೊತ್ತು ಸಂಕೇತದಲ್ಲಿ ಉಳಿದುಬಂದಿದೆ. ಟಿವಿ ಜಗತ್ತಿನ ಅಳತೆಯ ಪ್ರಕಾರ 4ಕೆ ಚಿತ್ರವೊಂದಕ್ಕೆ 3,840ರ ಬದಲು 4,400, 2,160ರ ಬದಲು 2,250 ಚುಕ್ಕೆಗಳಷ್ಟು ಜಾಗ ಹಿಡಿಯುತ್ತದೆ. ಹಾಗೆ ಎಣಿಸಿದರೆ 60 ಹರ್ಟ್ಜ್‌ಗೆ ಬೇಕಾಗುವುದು 14.26 ಗಿಗಾಬಿಟ್. ಕಂಪ್ಯೂಟರ್ ಮಾನಿಟರುಗಳಿಗೆ ಈ ತಿರುವಿನ ಹೊತ್ತನ್ನು ಬಹಳಷ್ಟು ಕಡಿತಗೊಳಿಸಿದ ಅಳತೆಗಳೂ ಇವೆ, ಅವುಗಳಲ್ಲಿ 12.5ರಿಂದ 12.8 ಗಿಗಾಬಿಟ್ ಸಾಕು.

ಇನ್ನೊಂದು ಕಡಿತವಿದೆ. ಎಪಿಎಂಸಿಯಲ್ಲಿ ತೊಗರಿ ತೂಗಿದಾಗ ಚೀಲದ ತೂಕವನ್ನು ಕಳೆದೇ ಕಾಳಿನ ತೂಕ ಬರೆಯುತ್ತಾರೆ. ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ಸಾಗಿಸುವ ಎರಡು ಪದ್ಧತಿಗಳು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್. ಇವುಗಳ ಹಳೆಯ ಆವೃತ್ತಿಗಳಲ್ಲಿ ಪ್ರತಿ 8 ಬಿಟ್ ಮಾಹಿತಿಯನ್ನು ತಪ್ಪಿಲ್ಲದೆ ಸಾಗಿಸಲು ತಂತಿಯ ಮೇಲೆ 10 ಬಿಟ್ ಕಳಿಸುತ್ತಾರೆ. ಆದುದರಿಂದ ಪೆಟ್ಟಿಗೆಯ ಮೇಲೆ 18 ಗಿಗಾಬಿಟ್ ಎಂದು ಬರೆದಿದ್ದರೆ ಅದು ಚೀಲ ಸಮೇತದ ತೂಕ, ಕಾಳು 14.4 ಮಾತ್ರ.

ಕಾಲುವೆಯ ಕೊನೆಯ ಹೊಲ

ನಾರಾಯಣಪುರ ಎಡದಂಡೆ ಕಾಲುವೆಯನ್ನು ನಂಬಿದ ಸುರಪುರ, ಶಹಾಪುರ ಕಡೆಯ ರೈತರಿಗೆ ಮುಂದಿನ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸವಸಾಗರದಲ್ಲಿ ನೀರು ತುಂಬಿದ್ದರೂ, ಮುಖ್ಯ ಕಾಲುವೆ ಎರಡೂ ದಂಡೆ ತಾಗಿ ಹರಿದರೂ, ಉಪಕಾಲುವೆಯ ತೂಬು ಕಿರಿದಾಗಿದ್ದರೆ ಕೊನೆಯ ಹೊಲಕ್ಕೆ ಬರುವುದು ಆ ತೂಬು ಬಿಟ್ಟಷ್ಟೇ ನೀರು. ಕಂಪ್ಯೂಟರಿನಿಂದ ಮಾನಿಟರಿಗೆ ಹೋಗುವ ಮಾಹಿತಿಯ ಹರಿವೂ ಹೀಗೆಯೇ. ಚಿತ್ರವನ್ನು ಸಿದ್ಧಪಡಿಸುವ ಗ್ರಾಫಿಕ್ಸ್ ಚಿಪ್ಪು, ಅದು ಹೊರಬರುವ ಪೋರ್ಟ್ ಎಂಬ ಕಿಂಡಿ, ನಡುವೆ ಇದ್ದರೆ ಅಡಾಪ್ಟರ್ ಅಥವಾ ಹಬ್, ಕೇಬಲ್, ಮಾನಿಟರಿನ ಪೋರ್ಟ್, ಕೊನೆಗೆ ಮಾನಿಟರಿನ ಒಳಗಿನ ವ್ಯವಸ್ಥೆ, ಇಷ್ಟರಲ್ಲಿ ಯಾವುದು ಅತಿ ಕಿರಿದೋ ಅದೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಉಳಿದವು ಎಷ್ಟೇ ಅಗಲವಾಗಿದ್ದರೂ ಉಪಯೋಗವಿಲ್ಲ.

ಹೋಲಿಕೆ ಒಂದು ಕಡೆ ಸರಿಹೊಂದುವುದಿಲ್ಲ. ತೂಬು ಕಿರಿದಾದರೆ ನೀರು ಅದಕ್ಕೆ ತಕ್ಕಷ್ಟು ಕಡಿಮೆ ಬರುತ್ತದೆ. ಇಲ್ಲಿ ಮಾತ್ರ ಮೆಟ್ಟಿಲುಗಳಿವೆ. 60ಕ್ಕೆ ಸಾಲದಿದ್ದರೆ 47ಕ್ಕೋ 52ಕ್ಕೋ ನಿಲ್ಲುವುದಿಲ್ಲ. ಮಾನಿಟರ್ ಒಪ್ಪುವ ಮುಂದಿನ ಕೆಳಗಿನ ಮೆಟ್ಟಿಲಿಗೆ, ಬಹುಪಾಲು 30ಕ್ಕೆ, ಒಮ್ಮೆಲೇ ಇಳಿಯುತ್ತದೆ. ಕೊರತೆ ಅಲ್ಪವಾದರೂ ಫಲ ಅರ್ಧಕ್ಕೆ ಬೀಳುವುದು ಇದರಿಂದಲೇ.

ಒಂದೇ ಆಕಾರ, ಬೇರೆ ಬೇರೆ ಸಾಮರ್ಥ್ಯ

ಎಚ್‌ಡಿಎಂಐ ಟಿವಿ ಲೋಕದಿಂದ ಬಂದದ್ದು. ಡಿಸ್‌ಪ್ಲೇಪೋರ್ಟ್ ಕಂಪ್ಯೂಟರ್ ಲೋಕದಿಂದ ಬಂದದ್ದು. ಎರಡರಲ್ಲಿಯೂ ತೊಡಕು ಒಂದೇ: ವರ್ಷ ಕಳೆದಂತೆ ಒಳಗಿನ ಸಾಮರ್ಥ್ಯ ಬೆಳೆದರೂ ಹೊರಗಿನ ಕಿಂಡಿಯ ಆಕಾರ ಬದಲಾಗಿಲ್ಲ. 2009ರ ಎಚ್‌ಡಿಎಂಐ 1.4 ಸಾಗಿಸುವುದು 10.2 ಗಿಗಾಬಿಟ್, ಚೀಲ ಕಳೆದರೆ 8.16. ನಮ್ಮ ಲೆಕ್ಕದ 14.26ಕ್ಕೆ ಇದು ಏನೇನೂ ಸಾಲದು, ಆದ್ದರಿಂದ 4ಕೆ ಚಿತ್ರವನ್ನು ಅದು 30 ಹರ್ಟ್ಜ್‌ನಲ್ಲಿ ಮಾತ್ರ ಒಯ್ಯುತ್ತದೆ. 2013ರ ಎಚ್‌ಡಿಎಂಐ 2.0ರಲ್ಲಿ 18 ಗಿಗಾಬಿಟ್, ಚೀಲ ಕಳೆದರೆ 14.4, 14.26 ಅದರಲ್ಲಿ ಒರೆಸಿಕೊಂಡು ಹಿಡಿಯುತ್ತದೆ. 2017ರ ಎಚ್‌ಡಿಎಂಐ 2.1ರಲ್ಲಿ ಮಿತಿ 48 ಗಿಗಾಬಿಟ್‌ಗೆ ಏರಿತು.

ಡಿಸ್‌ಪ್ಲೇಪೋರ್ಟ್ ಈ ಓಟದಲ್ಲಿ ಮುಂದಿತ್ತು. 2010ರ 1.2 ಆವೃತ್ತಿಯೇ ಚೀಲ ಕಳೆದು 17.28 ಗಿಗಾಬಿಟ್ ಸಾಗಿಸುತ್ತಿದ್ದುದರಿಂದ 4ಕೆ 60 ಅದಕ್ಕೆ ಭಾರವಾಗಲಿಲ್ಲ. 2016ರ 1.4ರಲ್ಲಿ ಅದು 25.92 ಗಿಗಾಬಿಟ್. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದು ಎರಡೂ ಬಗೆಯ ಕಿಂಡಿಗಳಿದ್ದರೆ ಡಿಸ್‌ಪ್ಲೇಪೋರ್ಟನ್ನೇ ಆರಿಸಿಕೊಳ್ಳುವುದು ಒಳಿತು ಎಂದು ಬಲ್ಲವರು ಹೇಳುವುದು ಇದೇ ಕಾರಣಕ್ಕೆ. ಇಂಟೆಲ್‌ನ 6ನೇ ತಲೆಮಾರಿನ ಕೋರ್ ಪ್ರೊಸೆಸರುಗಳನ್ನು ನೋಡಿ: ಒಂದೇ ಚಿಪ್ಪಿನ ಒಳಗಿರುವ ಗ್ರಾಫಿಕ್ಸ್ ಭಾಗವು 4,096ಕ್ಕೆ 2,304 ಚುಕ್ಕೆಗಳ ಚಿತ್ರವನ್ನು ಡಿಸ್‌ಪ್ಲೇಪೋರ್ಟ್ ಮೂಲಕ 60 ಹರ್ಟ್ಜ್‌ನಲ್ಲಿಯೂ, ಎಚ್‌ಡಿಎಂಐ ಮೂಲಕ 24 ಹರ್ಟ್ಜ್‌ನಲ್ಲಿಯೂ ಕೊಡುತ್ತದೆ. ಕೆಲವು ತಯಾರಕರು ಬೋರ್ಡಿನ ಮೇಲೆ ಪ್ರತ್ಯೇಕ ಚಿಪ್ಪು ಕೂರಿಸಿ ಎಚ್‌ಡಿಎಂಐ ಕಿಂಡಿಯ ಮಿತಿಯನ್ನು ಏರಿಸಿದ್ದುಂಟು, ಆದರೆ ಎಲ್ಲರೂ ಹಾಗೆ ಮಾಡಿಲ್ಲ.

ಹೊಸ ಸಾಧನಗಳಲ್ಲಿಯೂ ಹೆಸರನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಎಚ್‌ಡಿಎಂಐ 2.1 ಎಂಬ ಹೆಸರಿರುವ ಪ್ರತಿಯೊಂದು ಸಾಧನವೂ 48 ಗಿಗಾಬಿಟ್ ಒಯ್ಯಲೇಬೇಕೆಂಬ ಕಡ್ಡಾಯವಿಲ್ಲ. ಹೆಚ್ಚಿನ ವೇಗ ಅದರಲ್ಲಿ ಐಚ್ಛಿಕ. ಹೀಗಾಗಿ ಮಾನಿಟರ್ ಕೊಳ್ಳುವಾಗ ಆವೃತ್ತಿಯ ಸಂಖ್ಯೆಯನ್ನು ಕೇಳುವುದಕ್ಕಿಂತ "ಈ ಕಿಂಡಿಯಿಂದ 4ಕೆ ಎಷ್ಟು ಹರ್ಟ್ಜ್ ಬರುತ್ತದೆ" ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಒಂದೇ ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಕಿಂಡಿ 144 ಹರ್ಟ್ಜ್ ಒಪ್ಪಿ, ಎಚ್‌ಡಿಎಂಐ ಕಿಂಡಿ 60ಕ್ಕೇ ನಿಲ್ಲುವುದು ಅಪರೂಪವಲ್ಲ. ಆ ವಿವರ ಪೆಟ್ಟಿಗೆಯ ದಪ್ಪಕ್ಷರಗಳಲ್ಲಿ ಇರುವುದಿಲ್ಲ, ಒಳಗಿನ ಕೈಪಿಡಿಯ ಸಣ್ಣಕ್ಷರಗಳಲ್ಲಿರುತ್ತದೆ.

ಯುಎಸ್‌ಬಿ-ಸಿ: ನಾಲ್ಕು ಪಥದ ರಸ್ತೆ

ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ದೊಡ್ಡ ಕಿಂಡಿಗಳಿಗೆ ಜಾಗವಿಲ್ಲ. ಮೊಬೈಲಿನಲ್ಲಿ ಇರುವಂಥದೇ ಅಂಡಾಕಾರದ ಯುಎಸ್‌ಬಿ-ಸಿ ಕಿಂಡಿಯೇ ಚಾರ್ಜಿಂಗ್, ಪೆನ್‌ಡ್ರೈವ್, ಮಾನಿಟರ್ ಎಲ್ಲಕ್ಕೂ ಬಾಗಿಲು. ನನ್ನ ತೊಂದರೆ ಇದ್ದದ್ದೂ ಇಲ್ಲಿಯೇ.

ಮೊದಲನೆಯ ಮಾತು: ಯುಎಸ್‌ಬಿ-ಸಿ ಎನ್ನುವುದು ಕಿಂಡಿಯ ಆಕಾರದ ಹೆಸರೇ ಹೊರತು ಸಾಮರ್ಥ್ಯದ ಹೆಸರಲ್ಲ. ಅದರ ಮೂಲಕ ಚಿತ್ರ ಹೊರಬರಬೇಕಾದರೆ ಲ್ಯಾಪ್‌ಟಾಪಿನ ಆ ಕಿಂಡಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಇರಬೇಕು. ಕಿಂಡಿಯ ಪಕ್ಕದಲ್ಲಿ ಇಂಗ್ಲಿಷಿನ ಪಿ ಅಕ್ಷರವನ್ನು ಡಿ ಒಳಗೆ ಕೂರಿಸಿದಂಥ ಚಿಹ್ನೆಯೋ, ಥಂಡರ್‌ಬೋಲ್ಟ್ ಎಂಬ ಇನ್ನೂ ವೇಗದ ಪದ್ಧತಿಯನ್ನು ಸೂಚಿಸುವ ಮಿಂಚಿನ ಗುರುತೋ ಇದ್ದರೆ ಸೌಲಭ್ಯವಿದೆ ಎಂದರ್ಥ. ಗುರುತಿಲ್ಲದಿದ್ದರೆ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯಿಂದ ತಯಾರಕರ ವಿವರಪಟ್ಟಿಯಲ್ಲಿ ನೋಡಬೇಕು. ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿ ಫೈಲ್ ಸಾಗಿಸಲು ಮಾತ್ರ ಇರುತ್ತದೆ. ಅಂಥದಕ್ಕೆ ಎಷ್ಟು ದುಬಾರಿಯ ಕೇಬಲ್ ಹಚ್ಚಿದರೂ ಪರದೆ ಕಪ್ಪಾಗಿಯೇ ಇರುತ್ತದೆ.

ಎರಡನೆಯ ಮಾತೇ ತಿರುಳು. ಯುಎಸ್‌ಬಿ-ಸಿ ಕಿಂಡಿಯಲ್ಲಿ ಅತಿವೇಗದ ಮಾಹಿತಿ ಸಾಗಲು ನಾಲ್ಕು ಪಥಗಳಿವೆ. ಲ್ಯಾಪ್‌ಟಾಪಿನಿಂದ ಮಾನಿಟರಿಗೆ ನೇರವಾಗಿ ಕೇಬಲ್ ಹಾಕಿದರೆ ನಾಲ್ಕೂ ಪಥಗಳನ್ನು ಚಿತ್ರಕ್ಕೇ ಬಿಟ್ಟುಕೊಡಬಹುದು. ಆದರೆ ನಡುವೆ ಹಬ್ ಎಂಬ ಪುಟ್ಟ ಪೆಟ್ಟಿಗೆ ಬಂತೆನ್ನಿ: ಅದರಲ್ಲಿ ಎಚ್‌ಡಿಎಂಐ ಜೊತೆಗೆ ಪೆನ್‌ಡ್ರೈವ್‌ಗೆಂದು ವೇಗದ ಯುಎಸ್‌ಬಿ 3 ಕಿಂಡಿಗಳೂ ಇರುತ್ತವೆ. ಆ ಕಿಂಡಿಗಳಿಗೆ ಎರಡು ಪಥಗಳನ್ನು ಮೀಸಲಿಡಬೇಕಾಗುತ್ತದೆ, ಪೆನ್‌ಡ್ರೈವ್ ಹಾಕಿರಲಿ ಬಿಡಲಿ. ಚಿತ್ರಕ್ಕೆ ಉಳಿಯುವುದು ಎರಡೇ. ಲ್ಯಾಪ್‌ಟಾಪ್ ಡಿಸ್‌ಪ್ಲೇಪೋರ್ಟ್ 1.2ರ ವೇಗದ್ದಾದರೆ ಆ ಎರಡು ಪಥಗಳಲ್ಲಿ ಸಾಗುವುದು 8.64 ಗಿಗಾಬಿಟ್. 4ಕೆ ಪರದೆಗೆ 60 ಹರ್ಟ್ಜ್ ಬೇಕೆಂದರೆ, ತಿರುವಿನ ಹೊತ್ತನ್ನು ಎಷ್ಟೇ ಕಡಿತಗೊಳಿಸಿದರೂ 12.5 ಬೇಕು. ಹಾಗಾಗಿ 30ಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ 1.4ರ ವೇಗದ್ದಾಗಿದ್ದು, ಹಬ್‌ನ ಒಳಗಿನ ಚಿಪ್ಪೂ ಆ ವೇಗವನ್ನು ತಿಳಿದಿದ್ದರೆ ಅದೇ ಎರಡು ಪಥಗಳಲ್ಲಿ 12.96 ಗಿಗಾಬಿಟ್ ಸಾಗುತ್ತದೆ. ಆಗ 60 ಹರ್ಟ್ಜ್ ಕೂದಲೆಳೆಯಲ್ಲಿ ಹಿಡಿಯುತ್ತದೆ.

ಒಂದೇ ಹಬ್ ಗೆಳೆಯನ ಲ್ಯಾಪ್‌ಟಾಪಿನಲ್ಲಿ 60 ಕೊಟ್ಟು ನಮ್ಮದರಲ್ಲಿ 30 ಕೊಡುವ ಗುಟ್ಟು ಇದು. ನನ್ನ ಮನೆಯಲ್ಲಿ ಹಬ್ ಮತ್ತು ಮಾನಿಟರ್ ನಡುವಿನ ಎಚ್‌ಡಿಎಂಐ ಕೇಬಲ್ಲನ್ನು ಎರಡು ಸಲ ಬದಲಿಸಿದೆ. ಕಿರಿದಾದ ತೂಬು ಮೇಲ್ಗಡೆ ಇರುವಾಗ ಕೆಳಗಿನ ಕಾಲುವೆಯ ಹೂಳೆತ್ತಿದಂತಾಯಿತು. ಹಬ್ ತೆಗೆದು ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ನೇರ ಕೇಬಲ್ ಹಾಕಿದ ದಿನ 60 ಬಂತು. ಅಂಗಡಿಯವರ ಕಂಪ್ಯೂಟರಿನಲ್ಲಿ ಮೊದಲೇ ಸರಿಯಾಗಿ ಓಡಿದ್ದು ಅಲ್ಲಿ ಹಬ್ ಇರಲಿಲ್ಲವೆಂಬ ಕಾರಣಕ್ಕೆ.

ಹಬ್‌ನಂತೆಯೇ ಹಲವು ಕಿಂಡಿಗಳಿರುವ ಥಂಡರ್‌ಬೋಲ್ಟ್ ಅಥವಾ ಯುಎಸ್‌ಬಿ4 ಡಾಕ್ ಎಂಬ ಪೆಟ್ಟಿಗೆಗಳು ಬೇರೆ ಪದ್ಧತಿಯವು. ಚಿತ್ರ ಮತ್ತು ಫೈಲುಗಳನ್ನು ಒಂದೇ ಹರಿವಿನಲ್ಲಿ ಬೆರೆಸಿ ಕಳಿಸುವುದರಿಂದ ಪಥಗಳನ್ನು ಹೀಗೆ ಕಡಿದು ಹಂಚಬೇಕಾಗಿಲ್ಲ. ಥಂಡರ್‌ಬೋಲ್ಟ್ 3ರ ಒಟ್ಟು ಸಾಮರ್ಥ್ಯ 40 ಗಿಗಾಬಿಟ್. ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ.

ಕೇಬಲ್ ಎಲ್ಲಾ ಒಂದೇ ಅಲ್ಲ

ಎಚ್‌ಡಿಎಂಐ ಕೇಬಲ್ಲುಗಳಿಗೆ ಅಧಿಕೃತವಾಗಿ ಆವೃತ್ತಿಯ ಸಂಖ್ಯೆ ಇಲ್ಲ, ದರ್ಜೆಯ ಹೆಸರುಗಳಿವೆ. ಹೈ ಸ್ಪೀಡ್ ಎಂಬುದು 10.2 ಗಿಗಾಬಿಟ್‌ಗೆ, ಪ್ರೀಮಿಯಂ ಹೈ ಸ್ಪೀಡ್ 18ಕ್ಕೆ, ಅಲ್ಟ್ರಾ ಹೈ ಸ್ಪೀಡ್ 48ಕ್ಕೆ. ಕೊನೆಯ ಎರಡು ದರ್ಜೆಗಳ ಪೊಟ್ಟಣದ ಮೇಲೆ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ಎಂದು ತಿಳಿಯಬಹುದಾದ ಮುದ್ರೆ ಇರುತ್ತದೆ. ಚಿನ್ನದ ಲೇಪನ, ಹೆಣೆದ ಹೊದಿಕೆ ಇವುಗಳಿಂದ ವೇಗ ಹೆಚ್ಚುವುದಿಲ್ಲ. ಸಾಮರ್ಥ್ಯ ಹೇಳುವುದು ದರ್ಜೆ. ಉದ್ದವೂ ಮುಖ್ಯ. ವೇಗ ಏರಿದಂತೆ ತಾಮ್ರದ ತಂತಿಯಲ್ಲಿ ಸಂಕೇತ ಬೇಗ ಕುಗ್ಗುವುದರಿಂದ, ಮೇಜಿನ ಮೇಲಿನ ಮಾನಿಟರಿಗೆ ಎರಡು ಮೀಟರ್ ಸಾಕಾಗುವಲ್ಲಿ ಮುಂದೆ ಬೇಕಾದೀತೆಂದು ಹತ್ತು ಮೀಟರ್ ತರುವುದು ತೊಂದರೆಯನ್ನು ಕೊಂಡು ತಂದಂತೆ.

ಮೊಬೈಲ್ ಚಾರ್ಜರಿನ ಜೊತೆ ಬಂದ ಯುಎಸ್‌ಬಿ-ಸಿ ಕೇಬಲ್ ನೋಡಲು ಮಾನಿಟರಿನ ಕೇಬಲ್ಲಿನಂತೆಯೇ ಇದ್ದರೂ, ಬಹುತೇಕ ಅಂಥ ಕೇಬಲ್ಲುಗಳಲ್ಲಿ ಅತಿವೇಗದ ಆ ನಾಲ್ಕು ಪಥಗಳ ತಂತಿಗಳೇ ಇರುವುದಿಲ್ಲ. ಚಾರ್ಜ್ ಆಗುತ್ತದೆ, ಚಿತ್ರ ಬರುವುದಿಲ್ಲ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಏಕಮುಖ ರಸ್ತೆಯೆಂಬುದೂ ಹಲವರಿಗೆ ತಿಳಿದಿಲ್ಲ: ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟ್‌ನಿಂದ ಮಾನಿಟರಿನ ಎಚ್‌ಡಿಎಂಐಗೆ ಹಾಕಿದರೆ ನಡೆಯುತ್ತದೆ, ತಿರುಗಿಸಿ ಹಾಕಿದರೆ ಇಲ್ಲ.

ರೋಗ ಪತ್ತೆ

ಮಾನಿಟರಿನೊಳಗೆ ಒಂದು ಸಣ್ಣ ಚಿಪ್ಪಿನಲ್ಲಿ ಅದರ ಪರಿಚಯಪತ್ರ ಇರುತ್ತದೆ: ತಾನು ಯಾವ ತಯಾರಕನದು, ಎಷ್ಟು ಚುಕ್ಕೆಗಳು, ಯಾವ ಯಾವ ರಿಫ್ರೆಶ್ ದರಗಳು. ಕೇಬಲ್ ಸೇರಿಸಿದ ಕೂಡಲೇ ಕಂಪ್ಯೂಟರ್ ಅದನ್ನು ಓದಿಕೊಂಡು, ತನ್ನಿಂದ ಸಾಧ್ಯವಾದವನ್ನು ಮಾತ್ರ ನಮ್ಮೆದುರು ಆಯ್ಕೆಗಳಾಗಿ ಇಡುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿಂದ ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬಲ್ಲಿಗೆ ಹೋದರೆ ಈಗಿನ ದರವೂ ಬದಲಿಸುವ ಪಟ್ಟಿಯೂ ಸಿಗುತ್ತವೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ವಿಭಾಗದಲ್ಲಿ ರಿಫ್ರೆಶ್ ರೇಟ್ ಎಂಬ ಸಾಲಿದೆ. ಎಷ್ಟೋ ಸಲ 144 ಹರ್ಟ್ಜ್ ಮಾನಿಟರ್ ತಂದು ವರ್ಷಗಟ್ಟಲೆ 60ರಲ್ಲೇ ನಡೆಸುವವರಿರುತ್ತಾರೆ. ಪಟ್ಟಿಯಲ್ಲಿ 144 ಇದ್ದೇ ಇರುತ್ತದೆ, ಯಾರೂ ಆರಿಸಿರುವುದಿಲ್ಲ.

ಬೇಕಾದ ಸಂಖ್ಯೆ ಪಟ್ಟಿಯಲ್ಲಿಯೇ ಇಲ್ಲವೆಂದರೆ ಸಂಶಯವನ್ನು ಗ್ರಾಫಿಕ್ಸ್, ಪೋರ್ಟ್, ಹಬ್ ಅಥವಾ ಮಾನಿಟರಿನ ಮೆನುವಿನ ಮೇಲೆ ಇಡಬೇಕು. ಸಂಖ್ಯೆ ಇದೆ, ಆರಿಸಿದೊಡನೆ ಪರದೆ ಆಗಾಗ ಕಪ್ಪಾಗುತ್ತದೆ, ಇಲ್ಲವೇ ಬಿಳಿ ಚುಕ್ಕೆಗಳು ಕಿಡಿಯಂತೆ ಮಿನುಗುತ್ತವೆ ಎಂದರೆ ಕೇಬಲ್ಲನ್ನು ಸಂಶಯಿಸಬೇಕು. ಈ ವ್ಯತ್ಯಾಸಕ್ಕೆ ಕಾರಣವಿದೆ: ಎಚ್‌ಡಿಎಂಐ 2.0ವರೆಗಿನ ಪದ್ಧತಿಯಲ್ಲಿ ಎರಡು ತುದಿಯ ಸಾಧನಗಳು ಮಾತನಾಡಿಕೊಳ್ಳುತ್ತವೆಯೇ ಹೊರತು ನಡುವಿನ ಕೇಬಲ್ಲಿನ ತಾಳಿಕೆಯನ್ನು ಯಾರೂ ಮೊದಲೇ ಪರೀಕ್ಷಿಸುವುದಿಲ್ಲ. ಡಿಸ್‌ಪ್ಲೇಪೋರ್ಟ್ ಹಾಗಲ್ಲ. ಚಿತ್ರ ಕಳಿಸುವ ಮುಂಚೆ ತಂತಿಯ ಮೇಲೆ ಪರೀಕ್ಷಾ ಸಂಕೇತ ಕಳಿಸಿ, ತಪ್ಪುಗಳು ಕಂಡರೆ ತಾನಾಗಿಯೇ ಕೆಳಗಿನ ವೇಗಕ್ಕೆ ಇಳಿಯುತ್ತದೆ. ಆದ್ದರಿಂದ ಅಲ್ಲಿ ಕೆಟ್ಟ ಕೇಬಲ್ ಗಲಾಟೆಯಿಲ್ಲದೆ ದರವನ್ನು ಕದಿಯಬಹುದು.

ಮಾನಿಟರಿನ ಸ್ವಂತ ಮೆನುವನ್ನು ಅನೇಕರು ತೆರೆದೇ ನೋಡುವುದಿಲ್ಲ. ಹಳೆಯ ಸಾಧನಗಳಿಗೂ ಹೊಂದಲೆಂದು ಕೆಲವು ಮಾನಿಟರುಗಳನ್ನು ಎಚ್‌ಡಿಎಂಐ 1.4 ಅಥವಾ ಡಿಸ್‌ಪ್ಲೇಪೋರ್ಟ್ 1.1ರ ಸ್ಥಿತಿಯಲ್ಲಿಟ್ಟು ಕಾರ್ಖಾನೆಯಿಂದ ಕಳಿಸಿರುತ್ತಾರೆ; ಹಿಂದಿನ ಅಥವಾ ಕೆಳಗಿನ ಗುಂಡಿ ಒತ್ತಿ ಹೊಸ ಆವೃತ್ತಿಗೆ ಬದಲಿಸಿದರೆ ಮುಗಿಯಿತು. ಯುಎಸ್‌ಬಿ-ಸಿ ಇರುವ ಕೆಲವು ಮಾನಿಟರುಗಳಲ್ಲಿ ಹೆಚ್ಚಿನ ರೆಸಲ್ಯೂಷನ್ (ಚುಕ್ಕೆಗಳ ಸಂಖ್ಯೆ) ಬೇಕೋ ಹೆಚ್ಚಿನ ಫೈಲ್ ವೇಗ ಬೇಕೋ ಎಂದು ಕೇಳುವ ಆಯ್ಕೆ ಇರುತ್ತದೆ. ಅದು ಮೇಲೆ ಹೇಳಿದ ನಾಲ್ಕು ಪಥಗಳ ಹಂಚಿಕೆಯ ಪ್ರಶ್ನೆಯೇ. ಟಿವಿಯನ್ನು ಮಾನಿಟರಾಗಿ ಬಳಸುವವರು ಆಯಾ ಎಚ್‌ಡಿಎಂಐ ಕಿಂಡಿಗೆ ಹೆಚ್ಚಿನ ಸಂಕೇತವನ್ನು ಅನುಮತಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಕಾಗುತ್ತದೆ. ತಯಾರಕರು ಒಬ್ಬೊಬ್ಬರು ಅದಕ್ಕೆ ಒಂದೊಂದು ಹೆಸರಿಟ್ಟಿದ್ದಾರೆ.

ಲ್ಯಾಪ್‌ಟಾಪಿನ ಪರದೆಯನ್ನೇ ಮಾನಿಟರಿನಲ್ಲಿ ಪ್ರತಿಬಿಂಬಿಸುವ ಡೂಪ್ಲಿಕೇಟ್ ವಿಧಾನದಲ್ಲಿ ಎರಡೂ ಪರದೆಗಳಿಗೆ ಹೊಂದುವ ಮಟ್ಟಕ್ಕೆ ವಿಂಡೋಸ್ ಇಳಿಯುತ್ತದೆ. ಎಕ್ಸ್‌ಟೆಂಡ್ ಆರಿಸಿ ನೋಡಿದ ಮೇಲೆಯೇ ಉಳಿದ ತನಿಖೆಗೆ ಹೋಗಬೇಕು.

ವೇಗಕ್ಕಾಗಿ ಬಣ್ಣದ ಬಲಿ

ಕೆಲವೊಮ್ಮೆ ದರ 60 ಎಂದು ತೋರಿಸಿದರೂ ಅಕ್ಷರಗಳ ಅಂಚು ಮಸುಕಾಗಿರುತ್ತದೆ. ಜಾಗ ಸಾಲದಾಗ ಕಂಪ್ಯೂಟರ್ ಒಂದು ಉಪಾಯ ಹೂಡುತ್ತದೆ: ಪ್ರತಿ ಚುಕ್ಕೆಯ ಬೆಳಕನ್ನು ಪ್ರತ್ಯೇಕವಾಗಿ ಕಳಿಸಿ, ಬಣ್ಣವನ್ನು ಮಾತ್ರ ಅಕ್ಕಪಕ್ಕದ ನಾಲ್ಕು ಚುಕ್ಕೆಗಳಿಗೆ ಸೇರಿಸಿ ಒಂದೇ ಕಳಿಸುತ್ತದೆ. ಇದಕ್ಕೆ 4:2:0 ಎಂದು ಹೆಸರು. ಮಾಹಿತಿ ಅರ್ಧಕ್ಕಿಳಿಯುವುದರಿಂದ ಹಳೆಯ ದಾರಿಯಲ್ಲಿಯೂ 60 ಹರ್ಟ್ಜ್ ಹಿಡಿಯುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲವಾದ್ದರಿಂದ ಸಿನಿಮಾದಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಲಗ್ನಪತ್ರಿಕೆಯ ಅರಿಶಿನ ಹಿನ್ನೆಲೆಯ ಮೇಲಿನ ಕೆಂಪಕ್ಷರದ ಒತ್ತುಗಳು ಕಲಸಿದಂತೆ ಕಾಣುತ್ತವೆ. ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಕಲರ್ ಫಾರ್ಮ್ಯಾಟ್ ಎಂಬ ಸಾಲಿನಲ್ಲಿ ಆರ್‌ಜಿಬಿ ಎಂದಿದ್ದರೆ ಪೂರ್ಣ ಬಣ್ಣ ಬರುತ್ತಿದೆ ಎಂದರ್ಥ.

ಡಿಎಸ್‌ಸಿ ಎಂಬ ಇನ್ನೊಂದು ಉಪಾಯ ಇದಕ್ಕಿಂತ ಜಾಣತನದ್ದು. ಅದು ಚಿತ್ರವನ್ನು ಸಾಲು ಸಾಲಾಗಿ ಸಂಕ್ಷೇಪಿಸಿ, ಕಣ್ಣಿಗೆ ಕಾಣುವಂಥ ನಷ್ಟವಿಲ್ಲದೆ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಸಬಲ್ಲದು. ಡಿಸ್‌ಪ್ಲೇಪೋರ್ಟ್ 1.4ರ 25.92 ಗಿಗಾಬಿಟ್‌ನಲ್ಲಿ 28.67 ಬೇಡುವ 4ಕೆ 144 ಹರ್ಟ್ಜ್ ಓಡುವುದು ಇದರ ಬಲದಿಂದ. ಗ್ರಾಫಿಕ್ಸ್ ಕಾರ್ಡ್ ಮತ್ತು ಮಾನಿಟರ್ ಎರಡಕ್ಕೂ ಡಿಎಸ್‌ಸಿ ಗೊತ್ತಿರಬೇಕು ಎಂಬುದಷ್ಟೇ ಷರತ್ತು.

59.94 ಎಂದು ತೋರಿಸಿದರೆ

ಎಲ್ಲ ಸರಿಪಡಿಸಿದ ಮೇಲೂ ಪಟ್ಟಿಯಲ್ಲಿ 60ರ ಪಕ್ಕ 59.94 ಎಂಬ ಸಂಖ್ಯೆ ಕಂಡು ಎಲ್ಲೋ ಇನ್ನೂ ಸೋರುತ್ತಿದೆಯೆಂದು ಚಿಂತಿಸುವವರಿದ್ದಾರೆ. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿಯ ಮಾನಕವನ್ನು ರೂಪಿಸಿದಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಗಲಿ ಪರದೆಯಲ್ಲಿ ಗೆರೆಗಳೇಳದಿರಲೆಂದು 60ನ್ನು 1.001ರಿಂದ ಭಾಗಿಸಿದ ದರವನ್ನು ಇಟ್ಟುಕೊಂಡರು. ಆ ಲೆಕ್ಕದ ಉಳಿಕೆ ಇಂದಿನ ಮಾನಿಟರುಗಳ ಪರಿಚಯಪತ್ರದಲ್ಲಿಯೂ ಬಂದು ಕುಳಿತಿದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.